ಗಿರಿಜಕ್ಕನ ಮುಂಗೋಡೆ

ಹೋದ ವಾರ ಸವಳಂಗ ರಸ್ತೆಯಲ್ಲಿ ಗಿರಾಕಿಯೊಬ್ಬರ ಮನೆಗೆ ಗೇಟಿನ ಅಳತೆ ತೆಗೆಯಲು ಹೋಗಿದ್ದೆ. ಅವರ ಹಿತ್ತಲಲ್ಲಿ ಯಾರೋ ಡ್ರಮ್ಮಿನೊಳಗಿದ್ದ ಸುಟ್ಟ ಸುಣ್ಣಕ್ಕೆ ನೀರು ಹೊಯ್ದರು. ಚುರ್ ಎಂದು ಆವಿ ಎದ್ದಿತು. ಮೂಗು ಕಟ್ಟುವ ಆ ಬಿಸಿ ವಾಸನೆ ಬಂದದ್ದೇ ತಡ, ನನ್ನ ತಲೆಯೂ ಬಿಸಿಯಾಯಿತು. ಟೇಪು ಹಿಡಿದುಕೊಂಡೇ, "ಸುಣ್ಣ ಯಾಕ್ರೀ ಈಗ? ಯಾರನ್ನಾದ್ರೂ ಕೇಳಿದ್ರಾ ಮೊದಲು?" ಎಂದು ಗದರಿಬಿಟ್ಟೆ.

ಗಿರಾಕಿ ಗಾಬರಿಯಾದರು. "ತೆಂಗಿನ ಮರದ ಬುಡಕ್ಕೆ ಬಳಿಯೋಕೆ ಕಣ್ರೀ. ಅದಕ್ಕೂ ಕೇಳ್ಬೇಕಾ?"

ತೆಂಗಿನ ಮರಕ್ಕೆ ಸದ್ಯ ಯಾರನ್ನೂ ಕೇಳಬೇಕಾಗಿಲ್ಲ. ಗೋಡೆಗೆ ಕೇಳಬೇಕು. ಎಲ್ಲ ಗೋಡೆಗೂ ಅಲ್ಲ. ಭದ್ರಾವತಿಯ ಹಳೇನಗರದಲ್ಲಿ ಕಲ್ಲಿನ ದೇವಸ್ಥಾನದ ಕಣ್ಣಳತೆಯಲ್ಲಿರುವ ನಮ್ಮ ಗಿರಿಜಕ್ಕನ ಮುಂಗೋಡೆಯಂಥ ಗೋಡೆಗೆ. ಕೆಲವು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಆ ಒಂದು ಗೋಡೆಯ ಹಿಂದೆ ಅಲೆದೆ. ಇಂಥ ಬೀದಿಯಲ್ಲಿ ನಿಮ್ಮದೂ ಮನೆಯೋ ಅಂಗಡಿಯೋ ಇದ್ದರೆ ಇದನ್ನು ಓದಿಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಿ. ನನಗೆ ಹೇಳುವವರು ಯಾರೂ ಇರಲಿಲ್ಲ.

ನಾನು ಶಟರ್ ಮಾರುವವನು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಕಬ್ಬಿಣದಂಗಡಿಯಲ್ಲಿ ಮೊಳೆ ತೂಗುತ್ತ ಬೆಳೆದು, ಚೌಕಾಸಿ ಮಾಡುತ್ತ ಮಾಡುತ್ತ ಸ್ವಂತ ಅಂಗಡಿ ಹಾಕಿದವನು. ಶಿವಮೊಗ್ಗದಿಂದ ಕುಂಸಿಯವರೆಗೆ ಎಷ್ಟೋ ಅಂಗಡಿಗಳ ಮುಖ ಬದಲಾಯಿಸಿದ್ದು ನಾನೇ. ಬೆಳಿಗ್ಗೆ ಹಳೆಯ ಮರದ ಹಲಗೆ ಕಿತ್ತರೆ ಸಂಜೆಗೆ ಶಟರ್ ಇಳಿದಿರುತ್ತದೆ. ಹಾಗಾಗಿ ಮುಂಗಾರಿಗೆ ಮುಂಚಿನ ಒಂದು ಅಡ್ಡಮಳೆಗೆ ಅಕ್ಕನ ಮುಂಗೋಡೆಯಿಂದ ಒಂದು ದೊಡ್ಡ ಹೆಂಟೆ ಕಳಚಿ ಬೀದಿಗೆ ಬಿತ್ತು ಎಂದು ಫೋನು ಬಂದಾಗ ನನಗೆ ಚಿಂತೆಯೇ ಆಗಲಿಲ್ಲ. "ಒಳ್ಳೇದೇ ಆಯ್ತು ಬಿಡಕ್ಕ. ಪೂರ್ತಿ ಕೆಡವಿ ನಮ್ಮ ಅಂಗಡಿಯಿಂದಲೇ ಒಂದು ಚೆಂದದ ಶಟರ್ ಹಾಕ್ಸೋಣ," ಎಂದೆ.

ಅಕ್ಕನದು ಪಡ್ಡಿನ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಹಲಗೆ ಬಾಗಿಲು, ಅದರ ಮುಂದೆ ಜಗಲಿ, ಮೇಲೆ ಮಂಗಳೂರು ಹೆಂಚಿನ ಮಾಡು. ಹಲಗೆ ಬಾಗಿಲು ಎಂದರೆ ಗೊತ್ತಲ್ಲ, ಉದ್ದುದ್ದ ಹಲಗೆಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಕೊರೆದ ಸೀಳಿಗೆ ಸಿಕ್ಕಿಸಿ ಮುಚ್ಚುವುದು. ಭಾವನಿಗೆ ಕಾರ್ಖಾನೆಯ ಕೆಲಸ ಹೋದ ಮೇಲೆ ಆ ಮನೆ ನಿಂತದ್ದು ಪಡ್ಡಿನ ಮೇಲೆ. ಬೆಳಿಗ್ಗೆ ಬಸ್ಸು ಹಿಡಿಯುವವರು, ದೇವಸ್ಥಾನ ನೋಡಲು ಬಂದವರು, ಬೀದಿಯವರು, ಎಲ್ಲರೂ ಆ ಜಗಲಿಯ ಮೇಲೆ ಕೂತು ತಿನ್ನುತ್ತಿದ್ದರು. ಭಾವ ಒಳಗೆ ಹಿಟ್ಟು ರುಬ್ಬುತ್ತಿದ್ದ, ಅಕ್ಕ ಹೊರಗೆ ಕಾವಲಿಯ ಮುಂದೆ. ಬೇರೆ ಆದಾಯ ಇರಲಿಲ್ಲ. ನಾನು ಕೊಡುತ್ತೇನೆಂದರೆ ಅವಳು ಇಸಿದುಕೊಳ್ಳುವವಳೂ ಅಲ್ಲ.

ಹೆಂಟೆ ಬಿದ್ದ ಸುದ್ದಿ ನನಗಿಂತ ಬೇಗ ಊರಿನ ಕಚೇರಿಗೆ, ಅಂದರೆ ನಗರಸಭೆಗೆ, ಮುಟ್ಟಿತ್ತು. ಅವರು ಬಂದು ಗೋಡೆಗೆ ನೋಟಿಸು ಅಂಟಿಸಿದರು: ಅಪಾಯದ ಕಟ್ಟಡ, ಕೆಡವಿ ಇಲ್ಲವೇ ಭದ್ರಪಡಿಸಿ, ಅಲ್ಲಿಯವರೆಗೆ ಸಾರ್ವಜನಿಕರನ್ನು ಸೇರಿಸಬಾರದು. ಪಡ್ಡಿನ ಒಲೆ ಆರಿತು. ನಾನು ಗೋಡೆಗೆ ಸರ್ವೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸಿ, ಅಳತೆ ತೆಗೆದುಕೊಂಡು ಹೋಗಿ ಶಟರ್ ಕತ್ತರಿಸಿದೆ. ಕೆಲಸದವರನ್ನು ಕರೆದುಕೊಂಡು ಮತ್ತೆ ಬಂದಾಗ ದೇವಸ್ಥಾನದ ಗೇಟು ಕಾಯುವ ಮಂಜಣ್ಣ ಓಡಿ ಬಂದ. ದಿನಾ ಅಕ್ಕನ ಪಡ್ಡು ತಿಂದ ಋಣ ಅವನದು.

"ಅಣ್ಣ, ಗುದ್ದಲಿ ಇಳಿಸಿ ಮೊದ್ಲು. ಇದು ದೇವಸ್ಥಾನದಿಂದ ನೂರು ಮೀಟರ್ ಒಳಗೈತೆ. ನಮ್ಮ ಪುರಾತನ ಕಟ್ಟಡದ ಕಚೇರಿ ಅಪ್ಪಣೆ ಇಲ್ದೆ ಮುಟ್ಟಿದ್ರೆ ಕೇಸಾಗ್ತದೆ."

"ಮುಟ್ಟದೇ ಇದ್ರೆ ಮೈಮೇಲೆ ಬೀಳುತ್ತಲ್ಲಪ್ಪ!"

"ಬಿದ್ರೆ ಕೇಸಿಲ್ಲ. ಬೀಳ್ಸಿದ್ರೆ ಕೇಸು," ಎಂದ.

ಅಲ್ಲಿಂದ ಶುರುವಾಯಿತು. ಭದ್ರಾವತಿಯಲ್ಲಿ ಊರಿನ ಕಚೇರಿಯವರು, "ಇನ್ನೂ ಕೆಡವಿಲ್ವಾ?" ಎನ್ನುವರು. ಶಿವಮೊಗ್ಗದಲ್ಲಿ ಪುರಾತನ ಕಟ್ಟಡದ ಕಚೇರಿಯವರದೊಂದು ಕೋಣೆ, ಅಲ್ಲಿ, "ಮುಟ್ಟಿಲ್ಲ ತಾನೇ?" ಎನ್ನುವರು. ಇವರ ಮಾತು ಅವರಿಗೆ ಹೇಳಿದರೆ, ಅದು ಅವರಿಗೆ ಸಂಬಂಧಿಸಿದ್ದು ಎನ್ನುವರು. ಎರಡೂ ಕಚೇರಿಯವರು ಎದುರುಬದುರು ಕೂತು ಒಂದು ಲೋಟ ಕಾಫಿ ಕುಡಿದಿದ್ದರೆ ಬಗೆಹರಿಯುವ ಮಾತು. ಕಾಫಿ ನಾನೇ ಕೊಡಿಸುತ್ತೇನೆ ಎಂದೆ. ನಕ್ಕರು.

ಶಿವಮೊಗ್ಗದ ಕೋಣೆಯಲ್ಲಿದ್ದ ಗುಮಾಸ್ತರು ಮೆತ್ತಗಿನ ಮನುಷ್ಯ. ಅರ್ಜಿ ನೋಡಿ, "ಶಟರ್ ಆಗಲ್ಲ," ಎಂದರು.

ನನ್ನ ಕಸುಬಿನಲ್ಲಿ ಆಗಲ್ಲ ಎನ್ನುವುದು ಮಾತಿನ ಶುರು, ಕೊನೆಯಲ್ಲ. ಕುರ್ಚಿ ಎಳೆದುಕೊಂಡೆ. "ಒಳಗಡೆಯಿಂದ ಹಾಕ್ತೀನಿ ಸರ್. ಹೊರಗೆ ಕಾಣೋದೇ ಇಲ್ಲ."

"ಮುಚ್ಚಿದಾಗ ಕಾಣಲ್ವಾ?"

"ಮುಚ್ಚೋದು ರಾತ್ರಿ. ರಾತ್ರಿ ಹೊತ್ತು ದೇವಸ್ಥಾನ ನೋಡೋಕೆ ಯಾರು ಬರ್ತಾರೆ?"

"ಯಜಮಾನ್ರೆ..."

"ಹೋಗಲಿ, ಅರ್ಧ ಶಟರ್, ಅರ್ಧ ಹಲಗೆ. ಮರದ ಬಣ್ಣ ಹೊಡಿಸ್ತೀನಿ. ನೀವೇ ಬಂದು ಬಣ್ಣ ಆರಿಸಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಜಮಾನ್ರೆ, ಅಡಿಕೆ ಮಂಡಿಯಲ್ಲಿ ಟವೆಲ್ ಕೆಳಗೆ ಕೈ ಹಿಡ್ಕೊಂಡು ರೇಟು ಮಾಡ್ತಾರಲ್ಲ, ಹಾಗಲ್ಲ ಇದು. ನೀವು ಶಟರ್ ಅಂದ್ರೆ ಅದು ಹೊಸ ಕಟ್ಟಡದ ಲೆಕ್ಕಕ್ಕೆ ಹೋಗುತ್ತೆ, ಅಲ್ಲಿಗೆ ಮುಗೀತು. ದುರಸ್ತಿ ಅಂತ ಕೇಳಿ. ಏನಿತ್ತೋ ಅದೇ ಥರ, ಅದೇ ಎತ್ತರ, ಅದೇ ಹೆಂಚು, ಅದೇ ಹಲಗೆ. ಆಗ ಮೇಲಿನಿಂದ ಎಂಜಿನಿಯರ್ ಬಂದು ನೋಡ್ತಾರೆ. ಕೆಟ್ಟಿದೆ ಅಂತ ಅವರು ಬರೆದ್ರೆ ಅಪ್ಪಣೆ ಸಿಗುತ್ತೆ."

ನೋಡಿ, ಇದೊಂದು ಮಾತು ನೆನಪಿಟ್ಟುಕೊಳ್ಳಿ. ಸಂತೆಯಲ್ಲಿ ಹೆಚ್ಚು ಕೇಳಿದರೆ ಬೇಕಾದಷ್ಟು ಸಿಗುತ್ತದೆ. ಇಲ್ಲಿ ಹೆಚ್ಚು ಕೇಳಿದರೆ ಇದ್ದದ್ದೂ ಹೋಗುತ್ತದೆ. ಹಲ್ಲು ಕಚ್ಚಿಕೊಂಡು ಬೇರೆ ಅರ್ಜಿ ಬರೆದೆ. ಕತ್ತರಿಸಿಟ್ಟ ಶಟರ್ ನನ್ನ ಅಂಗಡಿಯಲ್ಲಿ ಅಡ್ಡಾಡುವವರ ಮೊಣಕಾಲಿಗೆ ಬಡಿಯುತ್ತ ಬಿದ್ದಿತ್ತು.

ಅಷ್ಟರಲ್ಲಿ ಮುಂಗಾರು ಹಿಡಿಯಿತು. ಎಂಜಿನಿಯರ್ ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದದ್ದೇ ಆಯಿತು. ಅಕ್ಕ ಹಿತ್ತಲ ಅಡಿಗೆಮನೆಯಲ್ಲಿ ಪಡ್ಡು ಹಾಕಿ, ಓಣಿಯ ಸಂದಿಯಿಂದ ಕೊಡಲು ಶುರು ಮಾಡಿದಳು. ಮೊದಮೊದಲು ಹಳೆಯ ಗಿರಾಕಿಗಳು ಕೊಡೆ ಹಿಡಿದು ಕೆಸರು ತುಳಿದುಕೊಂಡೇ ಬಂದರು. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು. ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಒಂದು ತಳ್ಳುಗಾಡಿ ಬಂದಿತ್ತಂತೆ. ಅಲ್ಲಿ ಒಣ ಜಾಗದಲ್ಲಿ ನಿಂತು ತಿನ್ನಬಹುದು. ಒಂದು ದಿನ ಭಾವ, ಮಾತೇ ಆಡದ ಮನುಷ್ಯ, ಹಿಟ್ಟಿನ ಪಾತ್ರೆ ತೋರಿಸಿ, "ರುಬ್ಬಿದ್ದರಲ್ಲಿ ಅರ್ಧ ಉಳೀತು," ಎಂದ. ಅಕ್ಕ ಆ ಕಡೆ ತಿರುಗಿಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ಮುಂಬಾಗಿಲು ತೆರೆಯದಿದ್ದರೆ ಗಿರಾಕಿಗಳ ಕಾಲಿಗೆ ಬೇರೆ ದಾರಿ ರೂಢಿಯಾಗಿಬಿಡುತ್ತದೆ. ಅದು ಅವಳಿಗೂ ಗೊತ್ತಿತ್ತು, ವ್ಯಾಪಾರಸ್ಥನಾದ ನನಗೂ ಗೊತ್ತಿತ್ತು.

ಕೊನೆಗೆ ಎಂಜಿನಿಯರ್ ಬರುವ ದಿನ ಗೊತ್ತಾಯಿತು. ಅಕ್ಕನಿಗೆ ಫೋನು ಮಾಡಿ ಹೇಳಿದೆ. ಕುಂಸಿಯಲ್ಲಿ ಗೊಬ್ಬರದಂಗಡಿಯೊಂದರ ಕೆಲಸ ಹಿಡಿದಿದ್ದೆ, ಹಾಗಾಗಿ ಆ ದಿನ ಬೆಳಿಗ್ಗೆ ನೇರ ಅಲ್ಲಿಂದಲೇ ಭದ್ರಾವತಿಗೆ ಬಂದೆ. ಬೀದಿಯ ತಿರುವಿನಲ್ಲಿ ಬೈಕು ನಿಲ್ಲಿಸಿದವನು ಒಂದು ಗಳಿಗೆ ಬೇರೆ ಬೀದಿಗೆ ಬಂದೆನೇನೋ ಎಂದುಕೊಂಡೆ.

ಮುಂಗೋಡೆ ಫಳಫಳ ಹೊಳೆಯುತ್ತಿತ್ತು. ಸುಣ್ಣಕ್ಕೆ ಚೂರು ನೀಲಿ ಹಾಕಿ ಬಳಿದಿದ್ದರು. ಹೆಂಟೆ ಬಿದ್ದಿದ್ದ ಜಾಗಕ್ಕೆ ಮಣ್ಣು ಸಿಮೆಂಟು ಕಲಸಿ ಮೆತ್ತಿ ನುಣ್ಣಗೆ ಒರೆಸಿದ್ದರು. ಬಿರುಕು ಮಾಯ. ನಾನು ಆನಿಸಿದ್ದ ಕಂಬಗಳೂ ಮಾಯ. ಗೆದ್ದಲು ತಿಂದ ಹಲಗೆಗಳ ಬುಡಕ್ಕೆ ಕೆಮ್ಮಣ್ಣು. ಬಾಗಿಲಿಗೆ ಮಾವಿನ ತೋರಣ, ಜಗಲಿಯ ಮುಂದೆ ಎರಡು ಮನೆ ಅಗಲದ ರಂಗೋಲಿ. ಅಕ್ಕ ರೇಷ್ಮೆ ಅಂಚಿನ ಸೀರೆ ಉಟ್ಟು ನಿಂತಿದ್ದಳು. ಎದುರು ಮನೆಯ ಹೆಂಗಸರೆಲ್ಲ ಕೈ ಜೋಡಿಸಿದ್ದರಂತೆ.

"ಅಕ್ಕಾ! ಏನಿದು?"

"ಯಾಕೋ? ಚೆನ್ನಾಗಿಲ್ವಾ?"

"ಕಂಬ ಎಲ್ಲಿ?"

"ಹಿತ್ತಲಿಗೆ ಹಾಕ್ದೆ. ಊರುಗೋಲು ಹಿಡ್ಕೊಂಡ ಮುದುಕಿ ಥರ ಕಾಣ್ತಿತ್ತು ಮನೆ. ದೊಡ್ಡ ಆಫೀಸರು ಬರ್ತಾರೆ ಅಂದ್ಯಲ್ಲ."

"ಅವರು ಬರೋದೇ ಗೋಡೆ ಕೆಟ್ಟಿದೆ ಅಂತ ನೋಡೋಕೆ ಮಾರಾಯ್ತಿ!"

"ನೋಡ್ಲಿ. ಕೆಟ್ಟಿದೆ ಅಂತ ನಾವು ಬಾಯಲ್ಲಿ ಹೇಳಿದ್ರಾಯ್ತು. ಯಾರಾದ್ರೂ ಮನೆಗೆ ಬರ್ತಾರೆ ಅಂದ್ರೆ ಮುಖ ತೊಳೀದೆ ಇರ್ತಾರೇನೋ?"

ನಾನು ಕಂಬ ತರಲು ಹಿತ್ತಲಿಗೆ ಓಡುವಷ್ಟರಲ್ಲಿ ಜೀಪು ಬಂದು ನಿಂತೇಬಿಟ್ಟಿತು. ಎಂಜಿನಿಯರ್ ಎಂದರೆ ಕನ್ನಡಕದ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಳಿದು, ರಂಗೋಲಿ ತುಳಿಯದ ಹಾಗೆ ಸುತ್ತು ಹಾಕಿ ಬಂದು, ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಇದಕ್ಕೇನಾಗಿದೆ?"

ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ ಅಕ್ಕ, "ಏನೂ ಆಗಿಲ್ಲ ಮೇಡಂ, ದೇವರ ದಯೆ. ಬನ್ನಿ, ಕೂತ್ಕೊಳ್ಳಿ," ಎಂದುಬಿಟ್ಟಳು. ಅತಿಥಿಯ ಮುಂದೆ ಮನೆಯ ಹುಳುಕು ಹೇಳಿ ಅವಳಿಗೆ ಅಭ್ಯಾಸವಿಲ್ಲ.

"ಇಲ್ಲ ಮೇಡಂ, ಒಳಗೆ ಪೂರ್ತಿ ಟೊಳ್ಳು," ಎಂದು ನಾನು ಗೋಡೆ ಬಡಿದೆ. ಒಳಗೆ ಮೆತ್ತಿದ್ದ ಮಣ್ಣು ಇನ್ನೂ ಹಸಿ, ಸದ್ದೇ ಬರಲಿಲ್ಲ.

"ಈ ಸುಣ್ಣ ಯಾವಾಗ ಬಳಿದದ್ದು? ಇಲ್ಲಿ ಸಿಮೆಂಟ್ ಬೇರೆ ಮೆತ್ತಿದ್ದೀರಿ. ಅಪ್ಪಣೆ ತಗೊಂಡಿದ್ರಾ?"

ಅಕ್ಕ ನನ್ನ ಮುಖ ನೋಡಿದಳು. ಸುಣ್ಣಕ್ಕೂ ಅಪ್ಪಣೆ ಬೇಕಾಗುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹಬ್ಬ ಬಂದರೆ ಬೀದಿಗೆ ಬೀದಿಯೇ ಸುಣ್ಣ ಬಳಿಯುತ್ತದೆ. ಮೇಡಂ ನಾಲ್ಕು ಫೋಟೋ ತೆಗೆದು, ಕಾಫಿಯೂ ಕುಡಿಯದೆ ಹೋದರು. ಕೆಲವು ದಿನದಲ್ಲಿ ಉತ್ತರ ಬಂತು: ಕಟ್ಟಡ ಸುಸ್ಥಿತಿಯಲ್ಲಿದೆ, ದುರಸ್ತಿಯ ಅಗತ್ಯ ಕಂಡುಬರುವುದಿಲ್ಲ. ಅದನ್ನು ಹಿಡಿದುಕೊಂಡು ಊರಿನ ಕಚೇರಿಗೆ ಹೋಗಿ, "ಸುಸ್ಥಿತಿಯಲ್ಲಿದೆಯಂತೆ, ಅಂಗಡಿ ತೆರೀಲಾ?" ಎಂದು ಕೇಳಿದೆ. "ಅದು ಅವರ ಅಭಿಪ್ರಾಯ. ನಮ್ಮ ನೋಟಿಸು ಹಾಗೇ ಇದೆ," ಎಂದರು. ಒಂದೇ ಗೋಡೆ, ಒಬ್ಬರ ಪ್ರಕಾರ ನಾಳೆ ಬೀಳುತ್ತದೆ, ಇನ್ನೊಬ್ಬರ ಪ್ರಕಾರ ಗಟ್ಟಿಯಾಗಿದೆ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅಕ್ಕನ ಮೇಲೆ ಕೂಗಾಡಿದೆ. ಬೀದಿಯವರಿಗೆಲ್ಲ ಕೇಳಿಸಿತು.

"ನಿನ್ನ ಶೃಂಗಾರದಿಂದ ಈ ಮಳೆಗಾಲ ಪೂರ್ತಿ ಹೋಯ್ತು!"

ಅಕ್ಕ ತಿರುಗಿ ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಚಿಕ್ಕಂದಿನಿಂದ ನನ್ನ ಒಂದು ಮಾತಿಗೆ ಹತ್ತು ಮಾತು ಆಡಿದವಳು. "ಹೊಸಬರ ಮುಂದೆ ಮನೆ ಹರುಕಾಗಿ ಕಾಣಬಾರದು ಅಂದ್ಕೊಂಡೆ ಕಣೋ," ಎಂದಳು. "ಬಡವರು ಅಂತ ಅಸಡ್ಡೆ ಮಾಡಿ ಹೋಗ್ತಾರೆ ಅಂತ."

ನಾನು ಜಗಲಿಯ ಮೇಲೆ ಕೂತೆ. ಮಳೆ ಬೀಳುತ್ತಲೇ ಇತ್ತು. ಮತ್ತೆ ಅರ್ಜಿ ಹಾಕಿದರೆ ಮತ್ತೆ ಸಾಲಿನ ಕೊನೆಗೆ. ಆಗ ದೇವಸ್ಥಾನದ ಗೇಟಿನಿಂದ ಮಂಜಣ್ಣ ಬಂದ. ಮುಂದಿನ ಸೋಮವಾರ ಅದೇ ಮೇಡಂ ದೇವಸ್ಥಾನದ ಮಾಡು ಸೋರುತ್ತದೆಯೇ ನೋಡಲು ಬರುತ್ತಾರೆ ಎಂದ. ಇದೂ ನೆನಪಿಟ್ಟುಕೊಳ್ಳಿ: ಯಾವ ಕಚೇರಿಯೇ ಆಗಲಿ, ದೊಡ್ಡವರು ಯಾವಾಗ ಬರುತ್ತಾರೆ ಎಂಬುದು ಗೇಟು ಕಾಯುವವನಿಗೆ ಮೊದಲು ಗೊತ್ತಿರುತ್ತದೆ. ಅವನ ಜೊತೆ ಚೆನ್ನಾಗಿರಿ.

ಅಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗಿಂದ ಒಂದು ಬಕೆಟ್ ನೀರು, ತೆಂಗಿನ ಕತ್ತ, ಕಬ್ಬಿಣದ ಸಟ್ಟುಗ ತಂದಳು. ತಾನೇ ಬಳಿದ ಸುಣ್ಣವನ್ನು ತಾನೇ ತಿಕ್ಕಿ ತೊಳೆಯತೊಡಗಿದಳು. ಮೆತ್ತಿದ್ದ ಸಿಮೆಂಟನ್ನು ಸಟ್ಟುಗದಿಂದ ಕೆರೆದಳು. ಎದುರು ಮನೆಯಾಕೆ ಬಾಗಿಲಿಗೆ ಬಂದು, "ಗಿರಿಜಕ್ಕ, ಹುಚ್ಚು ಹಿಡೀತಾ? ಮೊನ್ನೆ ತಾನೇ ಎಲ್ರೂ ಸೇರಿ ಬಳಿದ್ವಿ," ಎಂದರು.

"ನಿಮ್ಮ ಕೈಗುಣ ಜಾಸ್ತಿ ಆಯ್ತು ಕಣ್ರೇ," ಎಂದಳು ಅಕ್ಕ, ತಿಕ್ಕುವುದು ಬಿಡದೆ. "ಇಷ್ಟು ಚೆಂದ ಯಾರು ಬಳೀ ಅಂದಿದ್ರು?"

ಆಕೆಗೂ ನಗು ಬಂತು. ಸ್ವಲ್ಪ ಹೊತ್ತಿಗೆ ಆಕೆಯೂ ಒಂದು ಬಕೆಟ್ ತಂದರು. ನೀಲಿ ಬೆರೆತ ನೀರು ಬೀದಿಯ ಚರಂಡಿಗೆ ಹರಿಯಿತು. ಸಿಮೆಂಟಿನ ಹಿಂದೆಯೇ ಹಳೆಯ ಗಾರೆಯೂ ಒಂದಷ್ಟು ಕಳಚಿ, ಗೋಡೆಯೊಳಗೆ ಗೆದ್ದಲು ತಿಂದ ಮರದ ಕಂಬ ಕಾಣಿಸಿತು. ಅಲ್ಲಿ ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಇಷ್ಟು ದಿನ ಇದು ಹೇಗೆ ನಿಂತಿತ್ತೋ! ಸರ್ವೆ ಕಂಬಗಳನ್ನು ಮತ್ತೆ ತಂದು ಇನ್ನೂ ಭದ್ರವಾಗಿ ಆನಿಸಿದೆ.

ಸೋಮವಾರ ಬೆಳಿಗ್ಗೆ ರಂಗೋಲಿ ಹಾಕಬೇಡ ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಹಾಕಲಿಲ್ಲ. ಆದರೆ ಕೈ ತಡೆಯದೆ ಹಿತ್ತಲ ಬಾಗಿಲಿಗೆ ಹಾಕಿದ್ದಳು. ಮೇಡಂ ದೇವಸ್ಥಾನದ ಕೆಲಸ ಮುಗಿಸಿ ಜೀಪು ಹತ್ತುವ ಹೊತ್ತಿಗೆ ಅಕ್ಕ ಹೋಗಿ ಎದುರು ನಿಂತಳು. ನಾನು ಏನೇನೋ ಮಾತು ಜೋಡಿಸಿಕೊಂಡಿದ್ದೆ. ನನ್ನನ್ನು ಕೈಯಿಂದ ಹಿಂದೆ ಸರಿಸಿದಳು.

"ಮೇಡಂ, ಹೋದ ಸಲ ನೀವು ಬರ್ತೀರಾ ಅಂತ ಬಳಿದು ಬೆಳಗಿ ಇಟ್ಟಿದ್ದೆ. ಈ ಸಲ ಏನೂ ಮಾಡಿಲ್ಲ. ಹೇಗಿದೆಯೋ ಹಾಗೆ ಬಂದು ನೋಡಿ. ನಾಚಿಕೆಯಾದ್ರೂ ಪರವಾಗಿಲ್ಲ."

ಮೇಡಂ ಬಂದರು. ಕಂಬದ ಬುಡ ಮುಟ್ಟಿ ನೋಡಿದರು, ಮಾಡಿನ ಕೆಳಗೆ ಬಗ್ಗಿ ನೋಡಿದರು. ಹೊರಗೆ ಬಂದು ಅಕ್ಕನಿಗೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: "ಅಮ್ಮ, ಯಾವ ಊರಿಗೆ ಹೋದ್ರೂ ಇದೇ ಕಥೆ. ನಾನು ಹೋಗೋ ಹೊತ್ತಿಗೆ ಗೋಡೆ ಬಿಳಿಯಾಗಿರುತ್ತೆ, ನೆಲ ಸಾರಿಸಿರುತ್ತೆ. ಕೆಟ್ಟದ್ದನ್ನ ಯಾರೂ ತೋರಿಸೋದೇ ಇಲ್ಲ. ಆಮೇಲೆ ಅಪ್ಪಣೆ ಕೊಡ್ಲಿಲ್ಲ ಅಂತ ನನಗೇ ಬೈತಾರೆ."

ಈ ಸಲ ಕಾಫಿ ಕುಡಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಕಚೇರಿ ಗೊತ್ತಿಲ್ಲದವರು ನೀವು. ಅವರು ಬರೆದದ್ದು ಮೇಲೆ ಹೋಗಿ, ಅಲ್ಲಿಂದ ಇನ್ನೂ ಮೇಲೆ ಹೋಗಿ, ಕೆಳಗೆ ಬಂದು, ಊರಿನ ಕಚೇರಿಯಲ್ಲಿ ಮತ್ತೆ ಮಲಗಿ, ನನ್ನ ಕೈಗೆ ಸಿಗುವಾಗ ಗಣೇಶನ ಹಬ್ಬ ಕಳೆದಿತ್ತು. ಷರತ್ತುಗಳು ಬೇರೆ: ಸಿಮೆಂಟ್ ಮುಟ್ಟಬಾರದು, ಸುಣ್ಣದ ಗಾರೆಯೇ ಆಗಬೇಕು, ಎತ್ತರ ಒಂದಂಗುಲ ಏರಬಾರದು, ಬಾಗಿಲು ಹಲಗೆಯದೇ. ಗಾರೆಗೆ ಕೈ ಹಾಕುವ ಮೇಸ್ತ್ರಿ ಸಿಗಲು ಒಂದು ಅಲೆದಾಟ. ಡ್ರಮ್ಮಿನಲ್ಲಿ ಸುಣ್ಣ ಕುದಿದು ನನ್ನ ಮೂಗು ಕೆಟ್ಟದ್ದು ಆಗಲೇ. ಹಲಗೆಗೆ ಇನ್ನೊಂದು ಅಲೆದಾಟ. ಊರೂರಲ್ಲಿ ನಾನೇ ಕೀಳಿಸಿದ ಹಲಗೆ ಬಾಗಿಲುಗಳೆಲ್ಲ ಎಂದೋ ನೀರೊಲೆ ಸೇರಿದ್ದವು. ಕೊನೆಗೆ ಹೊಳಲೂರಿನಲ್ಲಿ ಒಂದು ಹಳೆಯ ದಿನಸಿ ಅಂಗಡಿ ಕೆಡವುತ್ತಾರೆಂದು ಕೇಳಿ ಓಡಿದೆ.

ಅಂಗಡಿಯ ಯಜಮಾನರು ಮುದುಕರು. ನನ್ನ ಮುಖ ನೋಡಿಯೇ ನನಗೆ ತುರ್ತಿದೆಯೆಂದು ತಿಳಿದುಕೊಂಡರು. "ಸಾಗುವಾನಿ ಕಣಪ್ಪ. ನಿಮ್ಮ ಶಟರ್ ಥರ ತುಕ್ಕು ಹಿಡಿಯಲ್ಲ," ಎಂದು ರೇಟು ಏರಿಸುತ್ತ ಹೋದರು. ಆ ವರ್ಷ ನನಗೆ ಹಾಯೆನಿಸಿದ ಒಂದೇ ಮಧ್ಯಾಹ್ನ ಅದು. ಎದುರಿಗೆ ಒಬ್ಬ ಮನುಷ್ಯ, ನಡುವೆ ಒಂದು ವಸ್ತು. ಅವರು ಏರಿಸುತ್ತಾರೆ, ನಾನು ಇಳಿಸುತ್ತೇನೆ, ಎದ್ದು ಹೊರಟ ಹಾಗೆ ಮಾಡುತ್ತೇನೆ, ಅವರು ಕರೆಯುತ್ತಾರೆ. ಕೊನೆಗೆ ಹಲಗೆಗಳ ಜೊತೆ ಹಿತ್ತಲಲ್ಲಿದ್ದ ಹಳೆಯ ಹೆಂಚುಗಳನ್ನೂ ಸೇರಿಸಿಕೊಂಡೇ ಎದ್ದೆ.

ದಸರೆಗೆ ಮುಂಚೆ ಕೆಲಸ ಮುಗಿಯಿತು. ಊರಿನ ಕಚೇರಿಯವರು ಬಂದು ನೋಟಿಸು ಕಿತ್ತರು. ಮಾರನೆಯ ಬೆಳಿಗ್ಗೆ ಅಕ್ಕ ಒಂದೊಂದೇ ಹಲಗೆ ತೆಗೆದು ಗೋಡೆಗೊರಗಿಸಿ, ಬೀದಿಯ ಕಡೆ ಮುಖ ಮಾಡಿ ಕಾವಲಿ ಇಟ್ಟಳು. ಭಾವ ಅಳುಕಿನಿಂದಲೇ ಹಿಟ್ಟು ಜಾಸ್ತಿ ರುಬ್ಬಿದ್ದ. ನಾನು ಜಗಲಿಯ ತುದಿಯಲ್ಲಿ ಕೂತೆ. ಒಬ್ಬರೂ ಬರಲಿಲ್ಲ. ಬಸ್ಸಿನ ಕಡೆ ಹೋಗುವವರು ಹೋಗುತ್ತಲೇ ಇದ್ದರು. ಅಕ್ಕ ಯಾರನ್ನೂ ಕರೆಯಲಿಲ್ಲ. ಖಾಲಿ ಕಾವಲಿಗೆ ಎಣ್ಣೆ ಸವರುತ್ತಿದ್ದಳು.

ಆಮೇಲೆ ಒಬ್ಬರು ನಿಂತರು. ದಿನಾ ಶಿವಮೊಗ್ಗದ ಬಸ್ಸು ಹಿಡಿಯುವ, ಚೀಲ ನೇತುಹಾಕಿಕೊಂಡ ಹಳೆಯ ಗಿರಾಕಿ. ಮಳೆಗಾಲ ಪೂರ್ತಿ ತಳ್ಳುಗಾಡಿಯಲ್ಲಿ ತಿಂದವರೇ ಇರಬೇಕು. ಅಂಗಡಿಯನ್ನು ಮೇಲೆ ಕೆಳಗೆ ನೋಡಿದರು.

"ಏನು ಗಿರಿಜಮ್ಮ, ರಿಪೇರಿ ರಿಪೇರಿ ಅಂತ ಇಷ್ಟು ದಿನ ಮುಚ್ಚಿದ್ರಿ. ಏನೂ ಮಾಡ್ಸೇ ಇಲ್ವಲ್ರೀ? ಹೆಂಗಿತ್ತೋ ಹಂಗೇ ಇದೆ!"

ನನಗೆ ಮೈಯೆಲ್ಲ ಉರಿಯಿತು. ಅರ್ಜಿ, ಗುಮಾಸ್ತರು, ಎರಡೆರಡು ಕಚೇರಿ, ಗಾರೆ, ಹೊಳಲೂರು, ಎಲ್ಲವನ್ನೂ ಅವರ ತಲೆಗೆ ಸುರಿಯೋಣ ಎಂದು ಎದ್ದೆ. ಅಕ್ಕ ಸಟ್ಟುಗ ಅಡ್ಡ ಹಿಡಿದಳು.

"ಕೂತ್ಕೊಳೋ ಸುಮ್ನೆ. ಗೊತ್ತಾಗ್ದೇ ಇರೋದೇ ವಾಸಿ. ಹೊಸದು ಅಂತ ಕಂಡ್ರೆ ಇನ್ನೊಬ್ಬ ಬರ್ತಾನೆ ನೋಟಿಸ್ ಹಿಡ್ಕೊಂಡು." ಆಮೇಲೆ ಅವರ ಕಡೆ ತಿರುಗಿ, "ಖಾರದ್ದಾ, ಸಿಹಿದಾ?" ಎಂದಳು.

"ಖಾರದ್ದೇ ಹಾಕಿ," ಎಂದು ಅವರು ಚೀಲ ಇಳಿಸಿ ಜಗಲಿಯ ಮೇಲೆ ಕೂತರು. ಇನ್ನಿಬ್ಬರು, ಅವರು ಕೂತದ್ದು ನೋಡಿ, ಬಸ್ಸಿನ ಕಡೆ ಹೋಗುತ್ತಿದ್ದವರು ತಿರುಗಿದರು. ಭಾವ ಒಳಗಿಂದ ಇಣುಕಿ ನೋಡಿ ಹಿಟ್ಟಿನ ಪಾತ್ರೆಯನ್ನು ಕಾವಲಿಯ ಹತ್ತಿರ ತಂದಿಟ್ಟ. ಅಕ್ಕ ನನಗೆ ಸರಿದು ಕೂತುಕೊಳ್ಳಲು ಹೇಳಿದಳು. ಗಿರಾಕಿಗೆ ಜಾಗ ಬೇಕಿತ್ತು.